ಕೆಂಪು ಶಾಯಿಯ ಹೆಸರು

ಮೊನ್ನೆ ಅಟ್ಟದಿಂದ ಹಳೆಯ ಆಫೀಸು ಬ್ಯಾಗು ಇಳಿಸಿ ಜಿಪ್ ಎಳೆದೆ ನೋಡಿ, ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೂಗಿಗೆ ಅಡರಿತು. ನೀವು ರಾಮನಗರದವರಾದರೆ ವಿವರಿಸಬೇಕಿಲ್ಲ. ಅಲ್ಲದಿದ್ದರೆ, ವಿವರಿಸದೆ ಇರುವುದೇ ನಾನು ನಿಮಗೆ ಮಾಡುವ ಉಪಕಾರ. ಒಳಗೆ ಮಡಚಿದ ಒಂದು ಕಾಗದವಿತ್ತು. ಮಂಜುನಾಥನನ್ನು ಕೆಲಸದಿಂದ ತೆಗೆಯಬೇಕೆಂದು ನಮ್ಮ ಕಂಪನಿಯ ಮಾಲೀಕರಿಗೆ ನಾನು ಬರೆದು, ಕೊಡದೇ ಉಳಿಸಿಕೊಂಡ ಪತ್ರ.

ಆಗ ನಾವು ಆರು ಜನ, ಖಲೀಲ್ ಭಾಯ್ ಅವರ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಮಹಡಿಯಲ್ಲಿ ಕೂತು, ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಟೆಸ್ಟಿಂಗ್ ನನ್ನ ಪಾಲು. ಅಂದರೆ ಬೇರೆಯವರ ತಪ್ಪು ಹುಡುಕುವುದು. ಇಂಥ ಸುಖದ ಕೆಲಸ ಇನ್ನೊಂದಿಲ್ಲ. ಅದೂ ಸಾಲದೆಂದು ಒಂದು ಬೋರ್ಡು ನೇತುಹಾಕಿ, ಯಾರ ಕೈಯಲ್ಲಿ ಕೆಟ್ಟಿತೋ ಅವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯತೊಡಗಿದೆ. ವಾರವಾರವೂ ಒಂದೇ ಹೆಸರು. ಕೈಲಾಂಚದಿಂದ ಬೈಕಿನಲ್ಲಿ ಬರುತ್ತಿದ್ದ ಮಂಜುನಾಥ ಉಳಿದ ನಾಲ್ವರು ಬರೆದ ತುಂಡುಗಳನ್ನು ಜೋಡಿಸುತ್ತಿದ್ದ. ಜೋಡಿಸಿದ್ದೆಲ್ಲ ಕುಸಿಯುತ್ತಿತ್ತು.

ಪತ್ರ ಪ್ರಿಂಟ್ ಮಾಡಿ ಬ್ಯಾಗಿಗೆ ಸೇರಿಸಿದ ದಿನವೇ, ವಾಸನೆಯ ಬಗ್ಗೆ ಜಗಳವಾಡೋಣವೆಂದು ಕೆಳಗಿಳಿದೆ. ಬಿಸಿನೀರಲ್ಲಿ ಗೂಡು ತೇಲುವ ಬೇಸಿನ್ನುಗಳ ಸಾಲಿನಲ್ಲಿ, ಕೊನೆಯದರ ಮುಂದೆ ಕೂತಿದ್ದ ಹೆಂಗಸಿನ ಎಳೆ ಮತ್ತೆಮತ್ತೆ ಕಿತ್ತುಹೋಗುತ್ತಿತ್ತು.

"ಇವರನ್ನ ಬದಲಾಯಿಸಿ ಭಾಯ್" ಎಂದೆ. ಕೇಳದೆ ಸಲಹೆ ಕೊಡುವುದು ನನ್ನ ಹಳೇ ಚಾಳಿ.

"ಮೂರ್ ಜನ ಬದಲಾಯಿಸ್ಬುಟ್ಟೆ ಸಾ. ಇವ್ರನ್ನೇ ಮೊದಲ್ನೇ ಬೇಸಿನ್ನಿಗೆ ಕೂರಿಸ್ದೆ, ಒಂದೆಳೆನೂ ಕಿತ್ತೋಗ್ಲಿಲ್ಲ. ಒಸಿ ನೀರಿಗೆ ಕೈ ಹಾಕಿ ನೋಡಿ."

ಹಾಕಿದೆ. ಉಗುರುಬೆಚ್ಚಗಿತ್ತು. ನೀರು ಚೆನ್ನಾಗಿ ಕಾಯದಿದ್ದರೆ ಗೂಡು ಎಳೆ ಬಿಡುವುದಿಲ್ಲ. ಬಾಯ್ಲರಿನಿಂದ ಹೊರಟ ಆವಿ ಸಾಲಿನ ಬೇಸಿನ್ನುಗಳನ್ನೆಲ್ಲ ಕಾಯಿಸಿ ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು.

"ಬದಲಾಯಿಸ್ಬೇಕಾಗಿರೋದು ಪೈಪು. ನಾಳೆ ಬತ್ತಾನೆ ಪೈಪಿನವ್ನು" ಎಂದರು ಭಾಯ್.

ಮೆಟ್ಟಿಲು ಹತ್ತುವಾಗ ಹೊಳೆಯಿತು. ನಮ್ಮ ಕೊನೆಯ ಬೇಸಿನ್ನು ಮಂಜುನಾಥ. ನಾಲ್ವರೂ ಅರೆಬೆಂದದ್ದನ್ನು ಕಡೇ ಗಳಿಗೆಯಲ್ಲಿ ಅವನ ತಲೆಗೆ ಕಟ್ಟುತ್ತಿದ್ದರು. ಮೊದಲೇ ತೋರಿಸಿದರೆ ಬೋರ್ಡಿಗೆ ತಮ್ಮ ಹೆಸರು ಬಿದ್ದೀತೆಂಬ ಭಯ. ಆ ಬೋರ್ಡು ಯಾರದು? ಬಿಡಿ ತುಂಡುಗಳನ್ನು ಮುಟ್ಟದೆ, ಅವನು ಜೋಡಿಸಿದ ಮೇಲೆಯೇ ಪರೀಕ್ಷೆಗೆ ಕೂರುತ್ತಿದ್ದ ಮಹಾಶಯ ಯಾರು? ನನಗೆ ನಾಚಿಕೆಯಾಯಿತು. ಬೋರ್ಡು ಒರೆಸಿದೆ. ಪ್ರತಿ ತುಂಡನ್ನೂ ಅವನ ಕೈಗೆ ಹೋಗುವ ಮೊದಲೇ ನೋಡತೊಡಗಿದೆ. ತಿಂಗಳೊಳಗೆ ಕುಸಿಯುವುದು ನಿಂತಿತು. ಅಂದಿನಿಂದ, ಬಿಡಿ ಮನುಷ್ಯರನ್ನಲ್ಲ, ಇಡೀ ವ್ಯವಸ್ಥೆಯನ್ನು ನೋಡಬಲ್ಲವನು ನಾನೆಂದು ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತ ಬಂದಿದ್ದೇನೆ.

ಮೊನ್ನೆ ಕಾಗದ ಹಿಡಿದುಕೊಂಡೇ ಮಂಜುನಾಥನಿಗೆ ಫೋನು ಮಾಡಿ, ನಗುನಗುತ್ತ ಎಲ್ಲ ಒಪ್ಪಿಕೊಂಡೆ. ಅವನು ನಗಲಿಲ್ಲ.

"ಗೊತ್ತಿತ್ತು ಸಾ. ಪ್ರಿಂಟರ್ ನನ್ ಟೇಬಲ್ ಪಕ್ಕದಲ್ಲೇ ಇತ್ತಲ್ಲ. ನೀವು ಎದ್ದು ಬರೋಷ್ಟ್ರಲ್ಲಿ ಓದ್ಬುಟ್ಟಿದ್ದೆ. ಮನೇಲೂ ಹೇಳ್ನಿಲ್ಲ. ಒಂದ್ ತಿಂಗ್ಳು ದಿನಾ ಇವತ್ತೇ ಕಡೇದು ಅನ್ಕೊಂಡು ಬತ್ತಿದ್ದೆ."

ಆ ತಿಂಗಳು ನಾನು ಬೋರ್ಡು ನೋಡಿದ್ದೆ, ತುಂಡು ನೋಡಿದ್ದೆ, ಪೈಪು ನೋಡಿದ್ದೆ. ಎದುರಿಗೆ ಕೂತವನ ಮುಖ ನೋಡಿರಲಿಲ್ಲ. "ತಪ್ಪಾಯ್ತು ಮಂಜು" ಎಂದೆ.

ಕಾಗದದ ಹಿಂಬದಿಯಲ್ಲಿ ಒಂದು ಹೆಸರು ಬರೆದು ನನ್ನ ಮೇಜಿನೆದುರಿನ ಗೋಡೆಗೆ ಅಂಟಿಸಿದ್ದೇನೆ. ಕೆಂಪು ಶಾಯಿಯಲ್ಲೇ. ಹೆಸರು ನನ್ನದೇ. ವಾಸನೆ ಇನ್ನೂ ಹೋಗಿಲ್ಲ.