ತಾಮ್ರದ ಹಂಡೆಯಲ್ಲಿಟ್ಟ ಕಡಲನೀರು

ನಮ್ಮ ಮನೆಯಲ್ಲಿ ಕಡಲನೀರು ತಯಾರಾಗುತ್ತಿದ್ದದ್ದು ಅಡುಗೆಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ. ಆಂಟಾಪ್ ಹಿಲ್‌ನ ಮೂರನೇ ಮಾಳಿಗೆಯ ಮನೆ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಅಂಥಲ್ಲಿ ಸೊಂಟದೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದು ಜಾಗ ಹಿಡಿದು ಕೂತಿತ್ತು. ಅದರ ಮುಚ್ಚಳದ ಮೇಲೆ ನನ್ನ ಗಂಡ ಕಪ್ಪು ಮಾರ್ಕರಿನಲ್ಲಿ ‘ಮುಟ್ಟಬಾರದು’ ಎಂದು ಬರೆದಿದ್ದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ಹಾಗಾಗಿ ಅದು ಯಾರಿಗೆ ಬರೆದದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಅವರು ಮೂವತ್ತು ವರ್ಷ ಅಂಧೇರಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ಕಟ್ಟಡ ಒಡೆದು ಹೊಸದು ಕಟ್ಟುತ್ತೇವೆಂದು ಬಿಲ್ಡರ್ ಬಂದ, ಹೋಟೆಲು ಮುಚ್ಚಿತು, ಇವರು ಮನೆಗೆ ಬಂದರು. ಇಡೀ ದಿನ ಗಿರಾಕಿಗಳ ಹತ್ತಿರ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ ಮನುಷ್ಯ ಒಮ್ಮೆಲೇ ಮೂಕರಾದರು. ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ. ಎದ್ದರೆ ಗೋಡೆ ನೋಡುತ್ತಾ ಕೂರುವುದು. ನನಗೆ ಹೆದರಿಕೆಯಾಗುತ್ತಿತ್ತು, ಹೆದರಿಕೆಯಾದಾಗಲೆಲ್ಲ ನಾನು ಬೈಯುತ್ತಿದ್ದೆ. ನನ್ನ ಸ್ವಭಾವವೇ ಹಾಗೆ.

ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿದ್ದ ಗಾಜಿನ ಮೀನುತೊಟ್ಟಿಯನ್ನು ಮಾಲೀಕರು ಇವರಿಗೆ ಕೊಟ್ಟುಬಿಟ್ಟಿದ್ದರು. ಒಂದು ವರ್ಷ ಅದು ಹಳೆಯ ಬೆಡ್‌ಶೀಟು ಸುತ್ತಿಕೊಂಡು ಬಿದ್ದಿತ್ತು. ಒಂದು ದಿನ ಇವರು ಅದನ್ನು ಬಿಚ್ಚಿ ಒರೆಸಿದರು. ಕುರ್ಲಾದ ಒಂದು ಮೀನುತೊಟ್ಟಿ ಅಂಗಡಿಗೆ ಓಡಾಡಿ, ಸಮುದ್ರದ ತಳದ ಕಲ್ಲು, ಜೀವ ಇರುವ ಹವಳ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಒಂದು ಕೆಂಪು ಸಿಗಡಿ, ನಾಲ್ಕು ಬಸವನಹುಳು, ಹೀಗೆ ಒಂದೊಂದಾಗಿ ತಂದು ತುಂಬಿದರು. ಮೀನು ತಿನ್ನದ ಮನೆತನ ನಮ್ಮದು. ಹಾಲ್‌ನಲ್ಲಿ ಸಿಗಡಿ ಓಡಾಡುವುದನ್ನು ಅತ್ತೆ ನೋಡಿದ್ದರೆ ಅಲ್ಲೇ ಸ್ನಾನಕ್ಕೆ ಓಡುತ್ತಿದ್ದರು.

ಆದರೆ ಇವರು ಬೆಳಿಗ್ಗೆ ಆರಕ್ಕೆ ಏಳತೊಡಗಿದರು. ದೀಪ ಹತ್ತಿದ ಮೇಲೆ ಹವಳಗಳು ಮೆಲ್ಲಗೆ ಅರಳುವುದನ್ನು ನೋಡುವುದಕ್ಕೆ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಲ್ಲುತ್ತಿದ್ದರು.

“ನನ್ನನ್ನು ಒಂದು ದಿನ ಇಷ್ಟು ಹೊತ್ತು ನೋಡಿದ್ದುಂಟಾ ನೀವು?” ಎಂದು ಕೇಳಿದ್ದೆ.

“ನಿಂಗೆ ಬೇಕಾದ್ದನ್ನು ನೀನು ಬಾಯಿಬಿಟ್ಟು ಹೇಳ್ತಿ. ಇವಕ್ಕೆ ಬಾಯಿಲ್ಲ ಮಾರಾಯ್ತಿ” ಎಂದಿದ್ದರು.

ವಾರಕ್ಕೊಮ್ಮೆ ತೊಟ್ಟಿಯ ಒಂದಷ್ಟು ನೀರು ತೆಗೆದು ಹೊಸ ನೀರು ಹಾಕಬೇಕು. ಆ ಹೊಸ ನೀರಿಗೇ ನೀಲಿ ಡ್ರಮ್ಮು. ಫಿಲ್ಟರಿನಿಂದ ಹನಿಹನಿಯಾಗಿ ಇಳಿದ ನೀರನ್ನು ಅದರಲ್ಲಿ ತುಂಬಿಸಿ, ತೊಟ್ಟಿಗೆಂದೇ ಸಿಗುವ ಉಪ್ಪನ್ನು ತೂಗಿ, ಸ್ವಲ್ಪ ಸ್ವಲ್ಪವೇ ಉದುರಿಸಬೇಕು. ನೀರಿಗೆ ಉಪ್ಪು ಹಾಕಬೇಕೇ ಹೊರತು ಉಪ್ಪಿನ ಮೇಲೆ ನೀರು ಹೊಯ್ಯಬಾರದು. ಆಮೇಲೆ ಒಂದು ಪುಟ್ಟ ಪಂಪು ಒಳಗೆ ಬಿಟ್ಟರೆ ಅದು ಇಡೀ ದಿನ ಗುರ್‌ಗುಟ್ಟುತ್ತಾ ನೀರು ತಿರುವುತ್ತದೆ. ಮರುದಿನ ಉಪ್ಪು ಅಳೆಯುವ ಗೇಣುದ್ದದ ಒಂದು ಕೊಳವೆಯ ಗಾಜಿಗೆ ಹನಿ ನೀರು ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ನೀಲಿಯೂ ಬಿಳಿಯೂ ಸೇರುವ ಗೆರೆ ಮೂವತ್ತೈದರಲ್ಲಿ ನಿಂತರೆ ಉಪ್ಪು ಸರಿ. ಸಾರಿಗೆ ಉಪ್ಪು ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಮೂವತ್ತು ವರ್ಷದಲ್ಲಿ ಒಂದು ಮಾತು ಆಡದವರು ಇಲ್ಲಿ ಅರ್ಧ ಗೆರೆ ಆಚೀಚೆಯಾದರೆ ಚಡಪಡಿಸುತ್ತಿದ್ದರು.

ಆ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು, ಅದರ ಬೆನ್ನಿಗೆ ಜ್ವರ ಹಿಡಿಯಿತು, ಆಸ್ಪತ್ರೆಯಲ್ಲಿ ಎರಡು ವಾರವಾಯಿತು. ಪ್ರಜ್ಞೆ ಸರಿಯಾಗುತ್ತಲೇ ಕೇಳಿದ್ದು ತೊಟ್ಟಿಯ ಸುದ್ದಿಯನ್ನು. ನರ್ಸಿನಿಂದ ಕಾಗದ ಪೆನ್ನು ಇಸಿದುಕೊಂಡು, ಸೂಜಿ ಚುಚ್ಚಿದ ಕೈಯಲ್ಲೇ ನೀರು ಬದಲಿಸುವ ಕ್ರಮ ಬರೆದುಕೊಟ್ಟರು. ಕೊನೆಯ ಸಾಲಿಗೆ ಅಡಿಗೆರೆ ಎಳೆದಿದ್ದರು: ‘ಪ್ಲಾಸ್ಟಿಕ್ ಬಿಟ್ಟು ಬೇರೆ ಯಾವುದರಲ್ಲೂ ಇಡಬೇಡ.’

ಮೊದಲ ವಾರ ಎಲ್ಲ ಬರೆದಂತೆಯೇ ಮಾಡಿದೆ. ಗೆರೆ ಮೂವತ್ತೈದಕ್ಕೆ ನಿಂತಾಗ ನನಗೇ ಖುಷಿಯಾಯಿತು. ಎರಡನೇ ವಾರ ನೀರು ಬೆರೆಸಿ ಮುಗಿಸಿದ್ದೆ, ಅಷ್ಟರಲ್ಲಿ ಬಿಲ್ಡಿಂಗಿನ ಸೆಕ್ರೆಟರಿಯ ಮೆಸೇಜು ಬಂತು: ಪೈಪ್‌ಲೈನ್ ರಿಪೇರಿ, ನಾಳೆಯೂ ನಾಡಿದ್ದೂ ನೀರಿಲ್ಲ, ಈಗಲೇ ತುಂಬಿಸಿಕೊಳ್ಳಿ. ಬಕೆಟು, ಪಾತ್ರೆ, ಕುಕ್ಕರು ಎಲ್ಲ ತುಂಬಿಸಿದೆ. ಇವರು ಬರುವ ದಿನ ಹತ್ತಿರವಿತ್ತು, ಮನೆ ತೊಳೆಯಬೇಕು, ರಾಶಿ ಬಟ್ಟೆ ಬಿದ್ದಿದೆ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಆ ನೀಲಿ ಡ್ರಮ್ಮು, ಅದರಲ್ಲೋ ಬೆರೆಸಿಟ್ಟ ಕಡಲನೀರು.

ಅತ್ತೆ ಊರಿನಿಂದ ತಂದಿದ್ದ ತಾಮ್ರದ ಹಂಡೆ ನಮ್ಮಲ್ಲಿ ಕುಡಿಯುವ ನೀರಿಗೆ. ಅದರ ನೀರು ಕುಡಿದರೆ ರೋಗ ಬಾರದು ಎಂದು ಅವರು ಸಾಯುವವರೆಗೆ ಹೇಳಿದರು, ನಾನೂ ಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದೆ. ಕುಡಿಯುವ ನೀರನ್ನು ಸ್ಟೀಲಿನ ಪಾತ್ರೆಗೆ ಬಗ್ಗಿಸಿ, ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕಡಲನೀರನ್ನು ಅದಕ್ಕೆ ಸುರಿದೆ. ಕೊನೆಯ ಸಾಲು ಮರೆತಿರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು. ನೆನಪಿತ್ತು. ನೀರನ್ನು ಪ್ಲಾಸ್ಟಿಕ್ಕಿನಲ್ಲಿ ಇಡು ಎಂದು ಯಾರಾದರೂ ಹೇಳುತ್ತಾರೆಯೇ, ಜ್ವರದಲ್ಲಿ ಏನೋ ಬರೆದಿದ್ದಾರೆ, ತಾಮ್ರಕ್ಕಿಂತ ಶುದ್ಧ ಯಾವುದು ಎಂದುಕೊಂಡೆ. ಅವರಿಗಿಂತ ಒಂದು ಕೈ ಮೇಲೆಯೇ ಮಾಡುತ್ತಿದ್ದೇನೆ ಎಂಬ ಜಂಬವೂ ಇತ್ತು.

ಎರಡು ದಿನ ಬಿಟ್ಟು ಆ ನೀರನ್ನು ತೊಟ್ಟಿಗೆ ಹಾಕಿದೆ. ಖಾಲಿಯಾದ ಹಂಡೆಯ ಒಳಮೈ ಹೊಸದರಂತೆ ಕೆಂಪಗೆ ಹೊಳೆಯುತ್ತಿತ್ತು. ನಾನು ಎಷ್ಟು ತಿಕ್ಕಿದರೂ ಆ ಹೊಳಪು ಬಂದದ್ದಿಲ್ಲ.

ಸಂಜೆಗೆ ಸಿಗಡಿ ಮಗುಚಿ ಬಿದ್ದಿತ್ತು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದವು. ಮರುದಿನ ದೀಪ ಹತ್ತಿದರೂ ಹವಳ ಅರಳಲಿಲ್ಲ. ಅದರ ಮರುದಿನ ಅವು ಲೋಳೆಯಾಗಿ ಕಲ್ಲಿನಿಂದ ಇಳಿಯುತ್ತಿದ್ದವು. ನಾನು ಕುರ್ಲಾದ ಅಂಗಡಿಯವರಿಗೆ ಫೋನು ಮಾಡಿ ಅಳತೊಡಗಿದೆ. ಅವರು ವಿಜಯಪುರ ಕಡೆಯ ಸಾಹೇಬರು. ಅಂಗಡಿ ಬಿಟ್ಟು ಬಂದು, ಒಂದು ಗಾಜಿನ ಕೊಳವೆಗೆ ತೊಟ್ಟಿಯ ನೀರು ಹಾಕಿ ಎಂಥದೋ ಔಷಧದ ಹನಿ ಬಿಟ್ಟು ಬಣ್ಣ ನೋಡಿದರು.

“ಅಕ್ಕಾರ, ನೀರಿಗೆ ತಾಮ್ರ ಏನರೆ ತಾಗೇತೇನ್ರಿ?”

ನಾನು ಅಡುಗೆಮನೆಯ ಕಡೆ ನೋಡಿದೆ. ಅವರೂ ನೋಡಿದರು.

“ಉಪ್ಪುನೀರು ತಾಮ್ರಾನ ತಿಂತದರಿ. ಅದು ಇವಕ್ಕ ವಿಷ ಆಗ್ತದ. ಮೀನೆರಡು ತಡಕೊಂಡಾವ, ನಾ ಒಯ್ದು ಬೇರೆ ನೀರಾಗ ಇಡ್ತೀನಿ. ಉಳದದ್ದು ಮುಗೀತ್ರಿ.”

ಇವರಿಗೆ ಹೇಳಬೇಡಿ, ಡಾಕ್ಟರು ಮನಸ್ಸಿಗೆ ನೋವು ಮಾಡಬಾರದು ಅಂದಿದ್ದಾರೆ ಎಂದು ಕೈಮುಗಿದೆ.

“ನಾ ಹೇಳಂಗಿಲ್ರಿ. ನೀವ ಹೇಳ್ರಿ” ಎಂದು ಮೀನಿನ ಚೀಲ ಹಿಡಿದುಕೊಂಡು ಮೆಟ್ಟಿಲಿಳಿದರು.

ನಾನು ಹೇಳಲಿಲ್ಲ. ಇವರು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ ನಿಂತಾಗ, “ಕರೆಂಟ್ ಹೋಗಿತ್ತು, ಪಂಪ್ ನಿಂತಿತ್ತು, ನಾನು ಆಸ್ಪತ್ರೆಯಲ್ಲಿದ್ದೆ” ಎಂದೆ. ಮೂರೂ ಮಾತು ಸರಾಗವಾಗಿ ಬಂದವು. ಅವರು ಖಾಲಿ ಕಲ್ಲನ್ನು ಬಹಳ ಹೊತ್ತು ನೋಡಿ, “ಹೌದಾ” ಎಂದರು. ನೀರು ತರುತ್ತೇನೆಂದರೆ ಬೇಡವೆಂದು ತಾವೇ ಅಡುಗೆಮನೆಗೆ ಹೋಗಿ ಕುಡಿದು ಬಂದರು.

ಅದಾದ ಮೇಲೂ ಅವರು ವಾರಕ್ಕೊಮ್ಮೆ ಕಡಲನೀರು ಬೆರೆಸುವುದನ್ನು ಬಿಡಲಿಲ್ಲ. ಮೀನೆರಡು ಸಾಹೇಬರ ಅಂಗಡಿಯಲ್ಲೇ ಉಳಿದವು, ತೊಟ್ಟಿಯಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲ. ಯಾರಿಗೆ ಈ ನೀರು ಎಂದರೆ “ಕಲ್ಲು ಉಂಟಲ್ಲ” ಎನ್ನುತ್ತಿದ್ದರು. ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು, ನನಗೆ ಇನ್ನೊಂದು ಸ್ಟೂಲು ಎಳೆದು, “ಬಾ, ಕೂತ್ಕೋ ಸ್ವಲ್ಪ” ಎಂದು ಕರೆಯುತ್ತಿದ್ದರು. ಮೊದಲು ಒಂದು ದಿನವೂ ಕರೆದವರಲ್ಲ. ಪಂಪಿನ ಗುರ್‌ಗುರ್ ಸದ್ದು, ಹೊರಗೆ ಮಳೆ, ಇವರು ನನ್ನ ಮುಖ ನೋಡುತ್ತಾ ಕೂತಿರುವುದು. ನನಗೆ ತಡೆಯಲಾಗುತ್ತಿರಲಿಲ್ಲ. ಕುಕ್ಕರ್ ಇಟ್ಟಿದ್ದೇನೆ, ಹಾಲು ಉಕ್ಕುತ್ತದೆ, ಬಟ್ಟೆ ಒಳಗೆ ತರಬೇಕು ಎಂದು ಪ್ರತಿ ವಾರವೂ ಒಂದು ನೆಪ ಹೇಳಿ ಎದ್ದು ಹೋಗುತ್ತಿದ್ದೆ.

ದೀಪಾವಳಿಯ ಮರುದಿನ ತೊಟ್ಟಿಯ ನೀರೆಲ್ಲ ಬಚ್ಚಲಿಗೆ ಹರಿಸಿ, ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿ ಸಾಹೇಬರಿಗೆ ಕೊಟ್ಟುಬಂದರು. ಡ್ರಮ್ಮಿನ ಮುಚ್ಚಳದ ಮೇಲಿನ ಅಕ್ಷರವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಅಳಿಸಿ, “ಇನ್ನು ಇದು ಮನೆಗೇ ಇರ್ಲಿ” ಎಂದರು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಬೆಳಿಗ್ಗೆ ಏಳುವುದು ಮತ್ತೆ ತಡವಾಗತೊಡಗಿತು. ಮಾತು ಇನ್ನೂ ಕಮ್ಮಿಯಾಯಿತು. ಕಾಯಿಲೆಯಿಂದ ಎದ್ದವರು, ಹವಳ ಹೋದ ಬೇಸರ ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೇ ತಿಂಗಳಲ್ಲಿ ಮತ್ತೆ ನೀರು ಬಂದ್ ಎಂಬ ಮೆಸೇಜು ಬಂತು. ನಾನು ಡ್ರಮ್ಮಿಗೆ ಪೈಪು ಬಿಟ್ಟು ನಿಂತಿದ್ದೆ. ಇವರು ಅಡುಗೆಮನೆಯ ಮೂಲೆಯಿಂದ ಹಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದು, “ಇದನ್ನೂ ತುಂಬಿಸು” ಎಂದು ನನ್ನ ಕಾಲ ಹತ್ತಿರ ಇಟ್ಟರು. ನನ್ನ ಕೈಯಿಂದ ಪೈಪು ಜಾರಿತು.

“ಕರೆಂಟ್ ಹೋದದ್ದಲ್ಲ. ನಾನು ನೀರನ್ನು ಇದರಲ್ಲಿ ಇಟ್ಟಿದ್ದೆ. ನಾನೇ ಕೊಂದದ್ದು” ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಬಗ್ಗಿ ಪೈಪು ಎತ್ತಿ ಹಂಡೆಯೊಳಗೆ ಇಟ್ಟರು.

“ಗೊತ್ತುಂಟು. ಆಸ್ಪತ್ರೆಯಿಂದ ಬಂದ ದಿನವೇ ಗೊತ್ತಾಯ್ತು. ಹಂಡೆಯ ಕಂಠದ ಸುತ್ತ ಬೆಳ್ಳಗೆ ಉಪ್ಪು ಕಟ್ಟಿತ್ತು. ನಾನೇ ಒರೆಸಿದೆ.”

“ಮತ್ತೆ ಯಾಕೆ ಹೇಳ್ಲಿಲ್ಲ ನೀವು? ಬೈಲಿಕ್ಕೆ ಆಗ್ತಿರ್ಲಿಲ್ವಾ?”

“ನೀನಾಗಿ ಹೇಳ್ತಿ ಅಂತ ಕಾದೆ.”

ಹಂಡೆ ಅರ್ಧ ತುಂಬಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಈಗ ಹೇಳಿದೆನಲ್ಲ, ಇನ್ನಾದರೂ ಎಲ್ಲ ಮೊದಲಿನ ಹಾಗಾಗುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ನಿಜವಾಗಿ ಅನಿಸಿತು.

“ಎಷ್ಟು ಸಮಯ ಕಾದ್ರಿ?” ಎಂದು ಕೇಳಿದೆ.

“ದೀಪಾವಳಿವರೆಗೆ” ಎಂದರು. “ಆಮೇಲೆ ಬಿಟ್ಟುಬಿಟ್ಟೆ.”

ಹಂಡೆ ತುಂಬಿತು. ಅವರು ನಲ್ಲಿ ನಿಲ್ಲಿಸಿ ಒಳಗೆ ಹೋದರು.