ಸಂಗಿಯ ಅಂಗಿಗಳು

ಕಂಪ್ಲಿಯ ನೇಕಾರ ಪಕ್ಕೀರಪ್ಪನ ಹೆಂಡತಿ ವಿರುಪಮ್ಮನಿಗೆ ಮಕ್ಕಳಿರಲಿಲ್ಲ. ಪ್ಲೇಗು ಬಂದ ವರ್ಷ ಸಂಡೂರಿನಲ್ಲಿದ್ದ ಅವಳ ತಂಗಿ ತೀರಿಕೊಂಡಳು. ಮೂರು ತಿಂಗಳ ಕೂಸು ಸಂಗಿಯನ್ನು ಅದರ ತಂದೆ ಜಡೆಪ್ಪ ತಂದು ಇವಳ ಉಡಿಗೆ ಹಾಕಿ ಹೋದ. ಗಂಡನ ಮಗ್ಗದಿಂದ ಇಳಿದ ನೀಲಿ ಸೀರೆಯ ತುಂಡಿನಲ್ಲಿ ವಿರುಪಮ್ಮ ಕೂಸಿನ ತಲೆಗೆ ಕುಂಚಿಗೆ ಹೊಲಿದಳು; ಕೆಂಪು ದಡಿ ಹಣೆಯ ಮೇಲೆ ಬರುವಂತೆ. ಮುಂದೆ ಅಂಗಿ ಹೊಲಿಯುವಾಗಲೂ ಗಂಜಿ ಬಿಟ್ಟು ಮೆತ್ತಗಾಗಲೆಂದು ಬಟ್ಟೆಯನ್ನು ಮೂರು ಸಲ ಹೊಳೆಯಲ್ಲಿ ಒಗೆಯುತ್ತಿದ್ದಳು. ಮೈಗೆ ಚುಚ್ಚದಂತೆ ದಾರದ ಗಂಟನ್ನು ಹೊರಮಗ್ಗುಲಿಗೆ ಹಾಕುತ್ತಿದ್ದಳು.

ಸಂಗಿಗೆ ನಾಲ್ಕು ತುಂಬಿದಾಗ ಜಡೆಪ್ಪ ಮರುಮದುವೆಯಾಗಿ ಮಗಳನ್ನು ಕರೆದೊಯ್ಯಲು ಬಂದ.

“ಸ್ವಲ್ಪ ದಿನ ನೀವು ಬರಬ್ಯಾಡ್ರಿ ಅಕ್ಕಾ. ನಿಮ್ಮನ್ನ ಕಂಡ್ರ ಹುಡುಗಿ ಅಲ್ಲಿ ಹೊಂದಂಗಿಲ್ಲ,” ಎಂದ.

ಅವನ ಮಾತು ತಪ್ಪೆನಿಸಲಿಲ್ಲ. ಹಾಗಾಗಿಯೇ ವಿರುಪಮ್ಮ ಹೋಗಲಿಲ್ಲ. ಸ್ವಲ್ಪ ದಿನ ಐದು ವರ್ಷವಾಯಿತು. ಪ್ರತಿ ಯುಗಾದಿಗೆ ಪಕ್ಕೀರಪ್ಪ, ಅವಳು ಕೇಳದಿದ್ದರೂ, ಸೀರೆಯ ಕೊನೆಗೆ ಒಂದೆರಡು ಮೊಳ ಹೆಚ್ಚು ನೇಯುತ್ತಿದ್ದ. ಅವಳು ಓಣಿಯ ಹುಡುಗಿಯರ ಬೆನ್ನಿಗೆ ಗೇಣು ಹಾಕಿ, ಸಂಗಿ ಈಗ ಇಷ್ಟಾಗಿರಬಹುದೆಂದು ಅಂಗಿ ಹೊಲಿದು ಗೂಡಿನಲ್ಲಿಡುತ್ತಿದ್ದಳು. ಯಾರ ಕೈಲೂ ಕಳುಹಿಸಲಿಲ್ಲ. ತಾನೇ ತೊಡಿಸಬೇಕೆಂಬ ಆಸೆ.

ಕೊನೆಗೆ ಪಕ್ಕೀರಪ್ಪನೇ ಬಂಡಿ ಗೊತ್ತುಮಾಡಿದ. “ಗೂಡಿನಾಗಿಟ್ಟ ಅಂಗಿ ಬೆಳಿಯಂಗಿಲ್ಲ. ನಡಿ, ಹೋಗಿ ಬರೂಣು.”

ಸಂಡೂರಿನ ಮನೆಯ ಕಟ್ಟೆಯ ಮೇಲೆ ಎತ್ತರದ ಹುಡುಗಿಯೊಬ್ಬಳು ಪುಟ್ಟ ತಂಗಿಯನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು.

“ಯಾರ್ರಿ? ಅಪ್ಪ ಹೊಲಕ್ಕ ಹೋಗ್ಯಾನ. ಕುಂದ್ರಿ.”

ವಿರುಪಮ್ಮ ಕಟ್ಟೆಯ ಮೇಲೆ ಕುಳಿತಳು. ಅಂಗಿಗಳ ಗಂಟು ಬಿಚ್ಚಿದಳು. ನೀರು ತಂದ ಮಲತಾಯಿ ಉಚ್ಚೆಂಗಮ್ಮ ಬಂದವರು ಯಾರೆಂದು ಊಹಿಸಿ ಹುಡುಗಿಯ ಕಿವಿಯಲ್ಲಿ ಹೇಳಿದಳು. ಸಂಗಿ ಒಂದೊಂದೇ ಅಂಗಿ ಎತ್ತಿ ನೋಡಿದಳು. ಐದೂ ಸಣ್ಣವು, ಕೊನೆಯದೂ ಹೆಗಲಿಗೆ ಹತ್ತಲಿಲ್ಲ.

“ಇವೆಲ್ಲ ನನಗ ಹೊಲಿದಿದ್ದೇನ್ರಿ?”

“ಹೂಂನವ್ವಾ. ನನ್ನ ಅಂದಾಜಿನ್ಯಾಗ ನೀ ಭಾಳ ಸಾವಕಾಶ ಬೆಳದಿ.”

ಉಚ್ಚೆಂಗಮ್ಮ ಸೂಜಿ, ಕತ್ತರಿ ತಂದಿಟ್ಟಳು. ವಿರುಪಮ್ಮ ದೊಡ್ಡವೆರಡರ ಹೊಲಿಗೆ ಬಿಚ್ಚಿ, ಒಂದನ್ನು ಸೀಳಿ ಇನ್ನೊಂದರ ಮಗ್ಗುಲಿಗೆ ಕೂಡಿಸಿದಳು. ಸಂಗಿ ಕೈ ಚಾಚಿ ಅಳತೆ ಕೊಡುತ್ತ ನಿಂತಳು.

“ನಾ ನಿಮಗ ಅವ್ವ ಅಂತಿದ್ದೆನಂತ, ಖರೇನ?”

“ಅಂತಿದ್ದಿ.”

“ಈಗ ಏನಂತ ಕರೀಲಿ?”

ವಿರುಪಮ್ಮ ದಾರವನ್ನು ಹಲ್ಲಿನಿಂದ ಕಡಿದಳು. “ದೊಡ್ಡವ್ವ ಅನ್ನು,” ಎಂದಳು.

ಉಳಿದ ಮೂರನ್ನು ಪುಟ್ಟ ತಂಗಿಗೆ ಬಿಟ್ಟು ಬಂದಳು. ಮರುವರ್ಷ ಯುಗಾದಿಗೆ ಮುಂಚೆ ಬಂಡಿಯವನ ಕೈಲಿ ಉಚ್ಚೆಂಗಮ್ಮ ಒಂದು ದಾರ ಕಳುಹಿಸಿದಳು. ಹೆಗಲಿಗೊಂದು, ಸೊಂಟಕ್ಕೊಂದು ಗಂಟು ಹಾಕಿದ, ತಲೆಯಿಂದ ಕಾಲಿನವರೆಗಿನ ಸಂಗಿಯ ಅಳತೆ. ಆಮೇಲೆ ಅವಳ ಮದುವೆಯವರೆಗೂ ವರ್ಷಕ್ಕೊಂದು ದಾರ ಬರುತ್ತಿತ್ತು. ಕತ್ತರಿ ಹಿಡಿಯುವ ಮೊದಲು ವಿರುಪಮ್ಮ ಅದನ್ನು ಗೋಡೆಗೆ ನೆಟ್ಟಗೆ ಹಿಡಿದು, ತುಸು ಹೊತ್ತು ನೋಡುತ್ತ ನಿಲ್ಲುತ್ತಿದ್ದಳು.