ಹುಳಿಯ ಬಯಕೆ

ನನಗೆ ಹುಳಿಯ ಚಟ ಚಿಕ್ಕಂದಿನಿಂದಲೂ ಇತ್ತು. ಹೊಟ್ಟೆ ಮಾತ್ರ ಭಾರಿ ನಾಜೂಕಿನದು. ಒಂದು ಎಳೆ ಹುಣಸೆಕಾಯಿ ಕಡಿದರೂ ಸಾಕು, ಎದೆಯಿಂದ ಗಂಟಲವರೆಗೆ ಉರಿ ಏಳುತ್ತಿತ್ತು. ಅವ್ವನಿಂದ ಬೈಸಿಕೊಳ್ಳುತ್ತಲೇ ತಿಂದೆ, ತಿನ್ನುತ್ತಲೇ ಬೈಸಿಕೊಂಡೆ. ಮದುವೆಯಾಗಿ ಸಂಡೂರಿಗೆ ಬಂದ ಮೇಲೂ ಅದೇ ಕಥೆ. ಗಣಿಗಳು ಹಗಲು ರಾತ್ರಿ ನಡೆಯುತ್ತಿದ್ದ ವರ್ಷಗಳವು. ಗಂಡ ಟಿಪ್ಪರ್ ರಿಪೇರಿ ಮಾಡುವ ಮೆಕ್ಯಾನಿಕ್. ಹಿತ್ತಲಿನ ಮಾವಿನಕಾಯಿಗೆ ಉಪ್ಪುಖಾರ ಹಚ್ಚುವ ಮೊದಲು ಕೆಂಪು ಧೂಳು ಹೋಗುವಂತೆ ತಿಕ್ಕಿ ತೊಳೆಯಬೇಕಿತ್ತು.

ಮದುವೆಯಾಗಿ ಕೆಲವು ವರ್ಷ ಕಳೆದರೂ ನಮಗೆ ಮಕ್ಕಳಾಗಿರಲಿಲ್ಲ. ಎಮ್ಮಿಗನೂರಿನಲ್ಲಿದ್ದ ಅತ್ತೆ ಬಾಯಿಬಿಟ್ಟು ಎಂದೂ ಕೇಳಿದವರಲ್ಲ. ಬಂದಾಗೊಮ್ಮೆ ನನ್ನ ಹೊಟ್ಟೆಯತ್ತ ನೋಡಿ, ಊರಿಂದ ತಂದ ಅಕ್ಕಿ ಚೀಲ ಒಳಗಿಡಲು ಹೇಳುತ್ತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಆ ನೋಟಕ್ಕೆ ಏನು ಹೇಳುವುದು?

ಒಂದು ಬೇಸಿಗೆಯಲ್ಲಿ ಅವರು ಬಂದಿದ್ದಾಗಲೇ ಮಾವಿನಕಾಯಿ ತಿಂದು, ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕಾರಿಕೊಂಡೆ. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅಷ್ಟು ಖುಷಿಯ ಮುಖವನ್ನು ನಾನು ಅವರಲ್ಲಿ ಅದುವರೆಗೆ ನೋಡಿರಲಿಲ್ಲ.

“ಎಷ್ಟ್ ದಿನ ಆತವ್ವ? ನನಗ ಹೇಳಬಾರದೇನು?”

“ಅದಲ್ರಿ ಅತ್ತಿ, ಹೊಟ್ಟಿ ಉರಿ. ನಿನ್ನೆ ಮಾವಿನಕಾಯಿ ತಿಂದಿದ್ನಿ.”

“ಹುಳಿ ತಿಂದಿ, ವಾಂತಿ ಮಾಡ್ಕೊಂಡಿ. ನನಗೇನ್ ತಿಳಿಯಂಗಿಲ್ಲೇನು? ನಾನೂ ಹಡದಾಕಿ!”

ಗಟ್ಟಿಯಾಗಿ ಇಲ್ಲ ಅನ್ನಲು ನನಗೂ ಧೈರ್ಯವಿರಲಿಲ್ಲ. ನನ್ನ ಮುಟ್ಟು ಎಂದೂ ಹೇಳಿದ ದಿನಕ್ಕೆ ಬಂದದ್ದಲ್ಲ, ಒಮ್ಮೊಮ್ಮೆ ತಿಂಗಳುಗಟ್ಟಲೆ ತಪ್ಪುತ್ತಿತ್ತು. ಆ ಸಲವೂ ಬಂದಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಉಪಚಾರ. ಬಸುರಿ ಬಯಸಿದ್ದು ತಿನ್ನದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಅತ್ತೆ ನಂಬಿದ್ದರು. ಗಂಡ ಹೊಸಪೇಟೆಯಿಂದ ಮೂಸಂಬಿ, ದ್ರಾಕ್ಷಿ, ಅನಾನಸ್ ಹೊತ್ತು ತರುತ್ತಿದ್ದ. ಪಕ್ಕದ ಮನೆಯವರು ನಿಂಬೆಹಣ್ಣಿನ ಪಾನಕ ಕಳಿಸಿದರು. ತಿಂದಷ್ಟೂ ಉರಿ, ಉರಿದಷ್ಟೂ ವಾಂತಿ. ವಾಂತಿಯಾದಷ್ಟೂ ಮನೆಯವರಿಗೆಲ್ಲ ಖಾತ್ರಿ! ಕೊಡ ಎತ್ತಲು ಹೋದರೆ ಅತ್ತೆ ಓಡಿಬಂದು ಕಸಿದುಕೊಳ್ಳುತ್ತಿದ್ದರು.

ಹೊಸಪೇಟೆಯ ಹೆಂಗಸರ ಡಾಕ್ಟರಿಗೆ ತೋರಿಸೋಣವೆಂದು ನಾನೇ ಕೇಳಿದೆ. ಅದಿರಿನ ಲಾರಿಗಳು ಓಡಾಡಿ ಆ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ.

“ಮೂರ್ ತಿಂಗಳು ತುಂಬೋತನ ಬಸ್ಸು ಬ್ಯಾಡ,” ಅಂದರು ಅತ್ತೆ. “ಆ ರಸ್ತ್ಯಾಗ ಗಟ್ಟಿಮುಟ್ಟಾದೋರ ನಡಾನ ಮುರೀತೈತಿ.”

ಗಂಡನೂ ತಲೆಯಾಡಿಸಿದ. ಹೀಗೆ ನಾವು ಕಾದೆವು. ಕಾಯುತ್ತ ಕಾಯುತ್ತ ನಾನೂ ನಂಬಿದೆ. ಮಧ್ಯಾಹ್ನ ಮಲಗಿದಾಗ ಹೊಟ್ಟೆಯಲ್ಲಿ ಉರಿ ಎದ್ದರೆ, ಬೈಯುವ ಬದಲು ಮೆಲ್ಲಗೆ ಕೈಯಾಡಿಸಿ, “ಇರು ಇರು, ಇಷ್ಟ್ಯಾಕ ಅವಸರ ಮಾಡ್ತಿ,” ಎಂದು ಮಾತಾಡುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಅತ್ತೆಯ ಲೆಕ್ಕದಲ್ಲಿ ಮೂರು ತಿಂಗಳು ತುಂಬಿದಾಗ ಗಂಡ ಗೆಳೆಯನ ಕಾರು ತಂದ. ನನ್ನ ಬೆನ್ನಿಗೊಂದು ದಿಂಬು, ಪಕ್ಕಕ್ಕೊಂದು ದಿಂಬು. ಒಂದೊಂದು ಗುಂಡಿ ಬಂದಾಗಲೂ ಅತ್ತೆ, “ಹಗೂರ ಹೊಡಿಯಲೇ,” ಎಂದು ಮಗನನ್ನು ಗದರುತ್ತಿದ್ದರು. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು.

ಡಾಕ್ಟರಮ್ಮ ಸ್ಕ್ಯಾನಿಂಗ್ ಮುಗಿಸಿ, “ಏನೂ ಇಲ್ಲಮ್ಮ, ಗ್ಯಾಸ್ಟ್ರಿಕ್ ಅಷ್ಟೇ. ಹುಳಿ ಹಣ್ಣು ಮುಟ್ಟಬೇಡ,” ಅಂದರು. ಗಂಡ ಮತ್ತೊಮ್ಮೆ ನೋಡಲು ಕೇಳಿದ. ಅವರು ಪಾಪ, ಮತ್ತೊಮ್ಮೆ ನೋಡಿದರು. ಬರುವಾಗ ಗುಂಡಿಗಳನ್ನು ಯಾರೂ ಗಮನಿಸಲಿಲ್ಲ. ಗಂಡ ಜೋರಾಗಿಯೇ ಓಡಿಸಿದ.

ಮನೆಯಲ್ಲಿದ್ದ ಹಣ್ಣನ್ನೆಲ್ಲ ಅತ್ತೆ ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಡಾಕ್ಟರ್ ಕೊಟ್ಟ ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ವಾಂತಿ ನಿಂತಿತು. ಒಂದು ಬೆಳಿಗ್ಗೆ ಎದ್ದರೆ ಉರಿಯೂ ಇಲ್ಲ, ಓಕರಿಕೆಯೂ ಇಲ್ಲ. ಅಭ್ಯಾಸದಂತೆ ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗೆ ಏನೂ ಅಲುಗಲಿಲ್ಲ. ಉರಿಯಾದರೂ ಇರಬಾರದಿತ್ತೇ ಅನ್ನಿಸಿ ಅಳು ಒತ್ತರಿಸಿ ಬಂತು. ಮುಂದೆಯೂ ನನಗೆ ಮಕ್ಕಳಾಗಲಿಲ್ಲ. ಆದರೆ ಕಳೆದುಕೊಂಡೆ ಅಂತ ನಾನು ಅತ್ತದ್ದು ಅವತ್ತೊಂದೇ ದಿನ.

ಅವತ್ತೇ ಅತ್ತೆ ಊರಿಗೆ ಹೊರಟರು. ಚೀಲ ಹಿಡಿದು ಹೊಸ್ತಿಲ ಬಳಿ ನಿಂತು ಕೇಳಿದರು, “ಈಗ ಹೊಟ್ಟಿ ಹ್ಯಾಂಗೈತವ್ವ?”

“ಆರಾಮ ಐತ್ರಿ,” ಅಂದೆ.

ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. “ಆರಾಮ ಇರಲಿ ಬಿಡು,” ಅಂದು ಬಸ್ಸಿಗೆ ನಡೆದರು.